ಗಾಳಿ ನುಂಗುವ ಬೆಳ್ಳಿ ಮೀನು

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಿಂದ ಸಮುದ್ರದೊಳಕ್ಕೆ ಪುಟ್ಟ ಪುಟ್ಟ ದ್ವೀಪಗಳ ಸಾಲೊಂದು ಬಾಗಿಕೊಂಡು ಹೋಗುತ್ತದೆ. ಅದೇ ಫ್ಲಾರಿಡಾ ಕೀಸ್. ಅಲ್ಲಿ ಎಷ್ಟೋ ಕಡೆ ಸಮುದ್ರ ಎದೆಮಟ್ಟಕ್ಕಿಂತ ಆಳವಿಲ್ಲ, ನೀರು ತಿಳಿಯಾಗಿರುವುದರಿಂದ ತಳದ ಹುಲ್ಲೂ ಕಾಣುತ್ತದೆ. ಮೇ, ಜೂನ್ ತಿಂಗಳಲ್ಲಿ ಇಲ್ಲಿಗೆ ಟಾರ್ಪನ್ ಎಂಬ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ. ಸಣ್ಣ ಮೀನೇನಲ್ಲ. ಚೆನ್ನಾಗಿ ಬೆಳೆದ ಟಾರ್ಪನ್ ಎರಡು ಮೀಟರ್ ಉದ್ದ ಇರಬಹುದು, ತೂಕ ನೂರು ಕಿಲೋ ದಾಟುವುದೂ ಉಂಟು. ಮೈತುಂಬ ಬೆಳ್ಳಿ ಹುರುಪೆ, ಒಂದೊಂದೂ ನಿಮ್ಮ ಅಂಗೈ ಅಗಲ.

ಇವನ್ನು ಹುಡುಕುವವರು ಚಪ್ಪಟೆ ತಳದ ದೋಣಿಯಲ್ಲಿ ಹೋಗುತ್ತಾರೆ. ಎಂಜಿನ್ ಸದ್ದಿಗೆ ಮೀನು ಬೆದರುತ್ತದೆ, ಹಾಗಾಗಿ ಹಿಂದೆ ನಿಂತವರು ಉದ್ದನೆಯ ಗಳುವಿನಿಂದ ತಳವನ್ನು ಒತ್ತಿ ದೋಣಿಯನ್ನು ಮೆಲ್ಲಗೆ ನೂಕುತ್ತಾರೆ. ಮುಂದೆ ನಿಂತವರು ನೀರಿನ ಮೇಲೆ ಕಣ್ಣು ನೆಟ್ಟಿರುತ್ತಾರೆ. ಆಗ ಒಂದು ಬೆಳ್ಳಿ ಬೆನ್ನು ಮೇಲೆದ್ದು, ಹೊರಳಿ, ಮತ್ತೆ ಮುಳುಗುತ್ತದೆ. ನೋಡಿದವರಿಗೆ ಮೀನು ಆಡುತ್ತಿದೆ ಅನ್ನಿಸಬಹುದು. ನಿಜದಲ್ಲಿ ಅದು ಬಾಯಿತುಂಬ ಗಾಳಿ ನುಂಗಿಕೊಂಡು ಹೋಯಿತು.

ಮೀನಿಗೆ ಕಿವಿರು ಇದೆಯಲ್ಲ, ಗಾಳಿ ಯಾಕೆ? ಲೆಕ್ಕ ನೋಡೋಣ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಬೆಚ್ಚನೆಯ ಸಮುದ್ರದ ನೀರಿನಲ್ಲಿ ಕರಗಿರುವುದು ಐದು ಮಿಲಿಲೀಟರ್ ಆಸುಪಾಸು ಮಾತ್ರ. ನೀರು ಬಿಸಿಯಾದಷ್ಟೂ, ನಿಂತು ಕೊಳೆತಷ್ಟೂ ಅದೂ ಕಡಿಮೆಯಾಗುತ್ತದೆ. ಅನೇಕ ಮೀನುಗಳ ಹೊಟ್ಟೆಯೊಳಗೆ ಗಾಳಿಚೀಲ ಒಂದಿರುತ್ತದೆ. ಮುಳುಗದೆ, ತೇಲದೆ, ಬೇಕಾದ ಆಳದಲ್ಲಿ ನಿಲ್ಲಲು ಅದು ನೆರವಾಗುತ್ತದೆ. ಟಾರ್ಪನ್‌ನ ಚೀಲ ಇನ್ನೊಂದು ಕೆಲಸವನ್ನೂ ಕಲಿತಿದೆ. ಅದರ ಒಳಗೋಡೆಯಲ್ಲಿ ನವಿರಾದ ರಕ್ತನಾಳಗಳು ದಟ್ಟವಾಗಿ ಹರಡಿವೆ, ಗಂಟಲಿನಿಂದ ಅಲ್ಲಿಗೆ ಕೊಳವೆಯೂ ಇದೆ. ನುಂಗಿದ ಗಾಳಿ ಚೀಲಕ್ಕೆ ಇಳಿದು, ಅದರ ಆಮ್ಲಜನಕ ನೇರವಾಗಿ ರಕ್ತಕ್ಕೆ ಸೇರುತ್ತದೆ. ಕಿವಿರೂ ಉಂಟು, ಶ್ವಾಸಕೋಶದ ಕೆಲಸ ಮಾಡುವ ಚೀಲವೂ ಉಂಟು!

ಈ ಉಪಾಯ ಬದುಕು ಉಳಿಸುವುದು ಬಾಲ್ಯದಲ್ಲಿ. ಟಾರ್ಪನ್ ಮೊಟ್ಟೆಯಿಡುವುದು ದೂರದ ಆಳ ಸಮುದ್ರದಲ್ಲಿ, ದೊಡ್ಡ ಹೆಣ್ಣಾದರೆ ಲಕ್ಷಗಟ್ಟಲೆ. ಹೊರಬರುವ ಮರಿಗೆ ತಾಯಿಯ ಹೋಲಿಕೆಯೇ ಇಲ್ಲ. ಅದು ಆಚೆ ಬದಿ ಕಾಣುವಷ್ಟು ಪಾರದರ್ಶಕವಾದ ಚಪ್ಪಟೆ ಪಟ್ಟಿ. ಹಾವುಮೀನಿನ ಮರಿಗಳೂ ಹೀಗೆಯೇ ಇರುತ್ತವೆ, ಎರಡಕ್ಕೂ ದೂರದ ನಂಟು. ಪ್ರವಾಹದ ಜೊತೆ ತೇಲುತ್ತಾ ಮರಿ ದಡ ಸೇರುತ್ತದೆ. ಆಮೇಲೆ ನಡೆಯುವುದು ನನಗೆ ಎಂದೂ ಹಳತಾಗದ ಸಂಗತಿ: ಅದು ಬೆಳೆಯುವ ಬದಲು ಕುಗ್ಗುತ್ತದೆ! ಎರಡೂವರೆ ಸೆಂಟಿಮೀಟರಿನಷ್ಟಿದ್ದ ಪಟ್ಟಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು, ಆ ಹೊತ್ತಿನಲ್ಲೇ ಮೀನಿನ ರೂಪ ತಾಳುತ್ತದೆ. ಬಳಿಕವೇ ನಿಜವಾದ ಬೆಳವಣಿಗೆ.

ಈ ಪುಟಾಣಿಗಳ ಮನೆ ಕಾಂಡ್ಲ ಕಾಡಿನ ನಡುವಿನ ನಿಂತ ನೀರು. ಎಲೆ ಕೊಳೆತು ಕಪ್ಪಾದ, ಕೊಳೆತ ಮೊಟ್ಟೆಯ ವಾಸನೆ ಬರುವ ಹೊಂಡಗಳು. ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಮರಿಗಳನ್ನು ತಿನ್ನಬಲ್ಲ ಹೆಚ್ಚಿನ ದೊಡ್ಡ ಮೀನುಗಳಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಟಾರ್ಪನ್ ಮರಿ ಮಾತ್ರ ಮೇಲೆ ಬಂದು ಗಾಳಿ ನುಂಗಿ ಹಾಯಾಗಿರುತ್ತದೆ. ಕೊಕ್ಕರೆಯ ಕಾಟ ತಪ್ಪಿದ್ದಲ್ಲ, ಆದರೂ ಅಪಾಯ ಬಹಳ ಕಡಿಮೆಯಾಯಿತು.

ಈಗ ದೋಣಿಗೆ ಮರಳೋಣ. ಮುಂದೆ ನಿಂತವರ ಕೈಯಲ್ಲಿರುವುದು ಫ್ಲೈ ಗಾಳ. ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ಭಾರವಾಗಿದ್ದು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ತುದಿಯಲ್ಲಿರುವುದು ಗರಿ, ತುಪ್ಪಳ ಸುತ್ತಿದ ಕೊಕ್ಕೆ ಅಷ್ಟೆ, ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಪ್ಪನೆಯ ದಾರಕ್ಕೆ. ಕೋಲನ್ನು ಹಿಂದೆ ಮುಂದೆ ಬೀಸಿದರೆ ದಾರ ಚಾಟಿಯಂತೆ ಬಿಚ್ಚಿಕೊಂಡು ಹೋಗಿ ಕೊಕ್ಕೆಯನ್ನು ಮುಂದಕ್ಕೆ ಒಯ್ಯುತ್ತದೆ. ಮೀನಿನ ತಲೆಯ ಮೇಲೆಯೇ ಬಿದ್ದರೆ ಅದು ಓಡಿಹೋಗುತ್ತದೆ, ಸ್ವಲ್ಪ ಮುಂದೆ ಬೀಳಬೇಕು. ಮೀನಿಗಿಂತ ಕೆಳಗೂ ಇಳಿಯಬಾರದು. ಯಾಕೆಂದರೆ ಟಾರ್ಪನ್‌ನ ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಮೇಲ್ಮುಖವಾಗಿದೆ, ಮೇಲಿರುವ ತಿಂಡಿಯೇ ಅದಕ್ಕೆ ಅನುಕೂಲ.

ಕಚ್ಚಿದ ಕೂಡಲೇ ಟಾರ್ಪನ್ ಆಕಾಶಕ್ಕೆ ನೆಗೆಯುತ್ತದೆ. ಆ ಕ್ಷಣ ಗಾಳ ಹಿಡಿದವರು ಕೋಲನ್ನು ಮುಂದಕ್ಕೆ ಚಾಚಿ ಮೀನಿಗೆ ಬಾಗುತ್ತಾರೆ! ಇದು ಬರೀ ಗೌರವವಲ್ಲ, ಭೌತವಿಜ್ಞಾನ. ನೀರೊಳಗೆ ಮೀನಿನ ಭಾರವನ್ನು ನೀರೇ ಹೊತ್ತಿರುತ್ತದೆ. ಗಾಳಿಯಲ್ಲಿ ಹೊರುವವರಿಲ್ಲ. ದಾರದ ಅತಿ ತೆಳುವಾದ ಭಾಗ ಹೊರಬಲ್ಲದ್ದು ಸಾಮಾನ್ಯವಾಗಿ ಎಂಟೊಂಬತ್ತು ಕಿಲೋ. ಐವತ್ತು ಕಿಲೋ ಮೀನು ತಲೆ ಕೊಡವುತ್ತಾ ಬಿಗಿದ ದಾರದ ಮೇಲೆ ಬಿದ್ದರೆ ಅದು ಉಳಿಯುತ್ತದೆಯೇ? ಬಾಗಿದರೆ ದಾರ ಸಡಿಲಾಗುತ್ತದೆ.

ಎಳೆದಾಟದ ನಡುವೆಯೂ ಮೀನು ಮೇಲೆ ಬಂದು ಗಾಳಿ ನುಂಗುತ್ತದೆ, ಮತ್ತೆ ಕಸುವು ತುಂಬಿಕೊಳ್ಳುತ್ತದೆ. ಹೊತ್ತು ಹೆಚ್ಚಾದರೆ ಬಳಲಿ ಸುತ್ತಿಗೆತಲೆ ಶಾರ್ಕಿಗೆ ತುತ್ತಾಗಬಹುದು. ಬೇಗ ಮುಗಿಸಿ ಬಿಟ್ಟುಬಿಡುವವರೇ ನಿಜವಾದ ಗಾಳಗಾರರು ಎಂದು ನನ್ನ ಎಣಿಕೆ. 2013ರಿಂದ ಫ್ಲಾರಿಡಾದಲ್ಲಿ ಹಿಡಿದ ಟಾರ್ಪನ್ ಅನ್ನು ಬಿಡಲೇಬೇಕು, ದಾಖಲೆಗೆ ಪ್ರಯತ್ನಿಸುವವರಿಗೆ ಮಾತ್ರ ಪರವಾನಗಿಯ ಮೇಲೆ ವಿನಾಯಿತಿ. ಸುಮಾರು ಒಂದು ಮೀಟರಿಗಿಂತ ಉದ್ದದ್ದನ್ನು ನೀರಿನಿಂದ ಎತ್ತುವಂತೆಯೇ ಇಲ್ಲ, ಎತ್ತಿದರೆ ತನ್ನ ತೂಕದಿಂದಲೇ ಅದರ ಒಳ ಅಂಗಗಳಿಗೆ ಪೆಟ್ಟಾಗಬಹುದು. ಮೊಟ್ಟೆಯಿಡುವ ವಯಸ್ಸಿಗೆ ಬರಲು ಇದಕ್ಕೆ ಹತ್ತು ವರ್ಷದಷ್ಟು ಬೇಕು. ಐವತ್ತು ದಾಟಿ ಬದುಕುವುದೂ ಉಂಟು.

ಜಗತ್ತಿನಲ್ಲಿ ಈಗ ಉಳಿದಿರುವ ಟಾರ್ಪನ್ ಜಾತಿಗಳು ಎರಡೇ. ಇನ್ನೊಂದು ನಮ್ಮದು. ಹಿಂದೂ ಮಹಾಸಾಗರದ ಈ ತಮ್ಮ ಭಾರತದ ಕರಾವಳಿಯ ಅಳಿವೆಗಳಲ್ಲೂ ಹಿನ್ನೀರುಗಳಲ್ಲೂ ಇದ್ದಾನೆ. ಗಾತ್ರ ಚಿಕ್ಕದು, ಸಾಮಾನ್ಯವಾಗಿ ಅರ್ಧ ಮೀಟರಿನೊಳಗೆ, ಆದರೆ ಗಾಳಿ ನುಂಗುವ ವಿದ್ಯೆ ಅದೇ. ಗುರುತು ಹಿಡಿಯುವುದು ಸುಲಭ: ಮೇಲ್ಮುಖದ ಬಾಯಿ, ದೊಡ್ಡ ಕಣ್ಣು, ದೊಡ್ಡ ಬೆಳ್ಳಿ ಹುರುಪೆ. ಇವೆಲ್ಲ ಇದ್ದು, ಬೆನ್ನಿನ ರೆಕ್ಕೆಯ ಕೊನೆಯ ಕಡ್ಡಿ ಉದ್ದನೆಯ ಎಳೆಯಾಗಿ ಹಿಂದಕ್ಕೆ ಚಾಚಿದ್ದರೆ ಅದು ಟಾರ್ಪನ್ನೇ.