ಕಟ್ಟುವ ಮೊದಲು ಬರೆಯುವ ಕೈ



ಸೇಲಂನಿಂದ ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಒಂದು ಕಮಾನು ನಿಂತಿದೆ. ಬಸ್ಸಿನಲ್ಲಿ ಹೋಗುವಾಗ ನಿಮ್ಮಲ್ಲಿ ಅನೇಕರು ಅದನ್ನು ನೋಡಿರುತ್ತೀರಿ. 1935ರಲ್ಲಿ ಟಿ. ಆರ್. ಸುಂದರಂ ಅವರು ಸ್ಥಾಪಿಸಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋದ ಹೆಬ್ಬಾಗಿಲು ಅದು. ನೂರಕ್ಕೂ ಹೆಚ್ಚು ಚಿತ್ರಗಳನ್ನು ಈ ಸಂಸ್ಥೆ ತಯಾರಿಸಿತು. ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ (1938), ತಮಿಳಿನ ಮೊದಲ ಪೂರ್ಣ ವರ್ಣಚಿತ್ರ ‘ಅಲಿಬಾಬಾವುಂ 40 ತಿರುಡರ್ಗಳುಂ’ (1956) ಇವರದೇ. ಸ್ಟುಡಿಯೋ ಹೋಯಿತು, ಕಮಾನು ಉಳಿಯಿತು.

ಅಲಿಬಾಬಾನ ಕಥೆಯಲ್ಲಿ ಮಂತ್ರ ಹೇಳಿದರೆ ಬಾಗಿಲು ತೆರೆಯುವ ಗುಹೆ ಇದೆಯಲ್ಲ, ಅಂಥದ್ದನ್ನು ಬಡಗಿ ಹಲಗೆ ಹೊಡೆಯುವ ಮೊದಲು ಯಾರಾದರೂ ಕಾಗದದ ಮೇಲೆ ಬರೆಯಬೇಕು. ಬಾಗಿಲು ಎಷ್ಟೆತ್ತರ, ಬೆಳಕು ಯಾವ ಕಡೆಯಿಂದ, ಒಳಗೆ ಕಾಲಿಟ್ಟವನಿಗೆ ಮೊದಲು ಹುಟ್ಟುವುದು ಭಯವೋ ಆಸೆಯೋ, ಇಷ್ಟನ್ನೂ ಚಿತ್ರದಲ್ಲೇ ತೀರ್ಮಾನಿಸಬೇಕು. ಇದಕ್ಕೆ ಈಗ ಕಾನ್ಸೆಪ್ಟ್ ಆರ್ಟ್ ಎಂದು ಹೆಸರು. ಸಿನಿಮಾಕ್ಕೂ ಕಂಪ್ಯೂಟರ್ ಆಟಕ್ಕೂ ಇದು ಬೇಕು. ಇದರ ಜೊತೆಯ ವಿದ್ಯೆ ಎಕ್ಸ್‌ಪೀರಿಯನ್ಸ್ ಡಿಸೈನ್. ಮ್ಯೂಸಿಯಂ, ಮನರಂಜನಾ ಪಾರ್ಕುಗಳಿಗೆ ಬಂದವರು ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು, ಏನು ಕೇಳಬೇಕು, ಯಾವಾಗ ಬೆರಗಾಗಬೇಕು ಎಂದು ಮೊದಲೇ ಯೋಚಿಸಿ ಏರ್ಪಡಿಸುವುದು.

ಇಂಗ್ಲಿಷ್ ಹೆಸರು ಕೇಳಿ ಗಾಬರಿಯಾಗಬೇಡಿ. ನಮ್ಮ ಧರ್ಮಪುರಿ ಸೀಮೆಯ ದ್ರೌಪದಿಯಮ್ಮನ ಹಬ್ಬದ ಕೂತ್ತು ನೆನೆಸಿಕೊಳ್ಳಿ. ಅರ್ಜುನನ ತಪಸ್ಸಿಗೆ ಎತ್ತರದ ಕಂಬ. ಮೇಲಿಂದ ಅವನು ಎಸೆಯುವ ನಿಂಬೆಹಣ್ಣಿಗೆ ಕೆಳಗೆ ಸೆರಗೊಡ್ಡುವ ಹೆಂಗಸರು. ಕೊನೆಗೆ ಬಯಲಲ್ಲಿ ಮಣ್ಣಿನ ಭಾರೀ ದುರ್ಯೋಧನ ಮಲಗಿರುತ್ತಾನೆ. ಭೀಮನ ವೇಷದವನು ಅವನ ತೊಡೆ ಒಡೆಯುವಾಗ ಊರಿಗೆ ಊರೇ ಸುತ್ತ ನಿಂತಿರುತ್ತದೆ. ನೋಡುವವರು ಕುರ್ಚಿಯ ಮೇಲಿಲ್ಲ, ಕುರುಕ್ಷೇತ್ರದ ಒಳಗೇ ಇದ್ದಾರೆ. ಕಾಲೇಜಿನಲ್ಲಿ ಕಲಿಸುವ ಪಾಠದ ತಿರುಳೂ ಇದೇ.

ಈ ವಿದ್ಯೆಗೆ ಭಾಷೆಯ ಗಡಿಯಿಲ್ಲ. ಮದರಾಸಿನ ಕಲಾಶಾಲೆಯಲ್ಲಿ ಓದಿದ ತಮಿಳರು ಪಿ. ಕೃಷ್ಣಮೂರ್ತಿ, ಜಿ. ವಿ. ಅಯ್ಯರ್ ಅವರ ಕನ್ನಡ ಚಿತ್ರ ‘ಮಧ್ವಾಚಾರ್ಯ’ದ (1986) ಕಲಾನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. 2020ರಲ್ಲಿ ಅವರು ತೀರಿಕೊಂಡರು. 13ನೆಯ ಶತಮಾನವನ್ನು ಕಣ್ಣಿಗೆ ಕಟ್ಟಿಸಬೇಕಾದರೆ ಕುಂಚ ಸಾಲದು. ಆಗಿನ ಮನೆ, ಬಟ್ಟೆ, ದೀಪ ಹೇಗಿದ್ದವೆಂದು ಓದಿ ತಿಳಿಯಬೇಕು.

ಎಲ್ಲಿ ಕಲಿಯುವುದು? ಚೆನ್ನೈನ ಸರ್ಕಾರಿ ಲಲಿತಕಲಾ ಕಾಲೇಜು 1850ರಲ್ಲಿ ಶುರುವಾದದ್ದು. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ ಇದೆ. 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪ್ಲಸ್ ಟೂ ಆದವರಿಗೆ 4 ವರ್ಷದ ಪದವಿಯಿದೆ. ಯಾವ ಗ್ರೂಪು ಓದಿದ್ದರೂ ಪ್ರವೇಶ ಪರೀಕ್ಷೆ ಬರೆಯಬಹುದು.

ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ಕಂಡದ್ದು ಒಂದು ಮಾತು. ಇಂಜಿನಿಯರಿಂಗಿಗೆ ಸಾಲ ಕೇಳಲು ಅಪ್ಪಂದಿರು ಧೈರ್ಯವಾಗಿ ಬರುತ್ತಾರೆ. ಮಗಳು ಚಿತ್ರ ಬರೆಯುತ್ತಾಳೆ ಎಂದು ಅರ್ಜಿ ಕೇಳಲು ಬರುವವರು ಅಪರೂಪ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಒಂದು ಮಿತಿಯವರೆಗೆ ಜಮೀನು ಅಡವಿಡಬೇಕಾಗಿಲ್ಲ. ಓದು ಮುಗಿದು 1 ವರ್ಷದ ಮೇಲೆ ಕಂತು ಶುರು, ಬಡ್ಡಿ ಮಾತ್ರ ಮೊದಲಿಂದಲೇ ಲೆಕ್ಕಕ್ಕೆ ಸೇರುತ್ತದೆ. ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ. ಬಣ್ಣದ ಜಾಹೀರಾತು ನಂಬಿ, ಹೊಲ ಅಡವಿಟ್ಟು, 6 ತಿಂಗಳ ಸರ್ಟಿಫಿಕೇಟು ತರಬೇಡಿ. ಇನ್ನೊಂದು ಮಾತು: ಈ ರಂಗದಲ್ಲಿ ಅನೇಕರಿಗೆ ಒಂದು ಚಿತ್ರದಿಂದ ಇನ್ನೊಂದಕ್ಕೆ ದುಡಿಮೆ. ತಿಂಗಳ ಮೊದಲನೇ ತಾರೀಕು ಎಲ್ಲರಿಗೂ ಸಂಬಳ ಬಾರದು. ಇದನ್ನು ತಿಳಿದೇ ಹೊರಡಬೇಕು.

ಮಕ್ಕಳೇ, ಕಂಪ್ಯೂಟರ್ ಇಲ್ಲವೆಂದು ಕೊರಗಬೇಡಿ. 1 ನೋಟ್‌ಬುಕ್ಕು, 1 ಪೆನ್ಸಿಲ್ಲು ಸಾಕು. ಸಂತೆ ಬರೆಯಿರಿ, ಹೊಗೇನಕಲ್ಲಿನ ಹರಿಗೋಲು ಬರೆಯಿರಿ, ಕೂತ್ತಿನವರ ಕಿರೀಟ ಬರೆಯಿರಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಆಡುವ ನಿಮಗೆ ಎರಡು ಕಣಜದ ಕಥೆಗಳಿವೆ. ಹಿರಿಯರೇ, ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ.