ಪರಿಹಾರ ಬೇರೆ, ಬಡ್ಡಿ ಬೇರೆ
(ಕುಂದಾಣದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಕದ ಚನ್ನರಾಯಪಟ್ಟಣ ಹೋಬಳಿಯವರು ಬಡಿದಾಡಿದರು. 2025ರ ಜುಲೈ 15ರಂದು 1,777 ಎಕರೆ ಸ್ವಾಧೀನ ಕೈಬಿಡುವುದಾಗಿ ಸರ್ಕಾರ ಹೇಳಿತು. ಆದರೆ ಆಗಲೇ ಭೂಮಿ ಕಳಕೊಂಡು, ಕೋರ್ಟು ಅಲೆದು ಹೆಚ್ಚುವರಿ ಪರಿಹಾರ ಪಡೆದವರ ಗತಿಯೇನು?

ಕೋರ್ಟಿನ ಹಣದಲ್ಲಿ ಎರಡು ಭಾಗ: ಪರಿಹಾರ, ಬಡ್ಡಿ. ಉಳುತ್ತಿದ್ದ ಜಮೀನನ್ನು ಸರ್ಕಾರ ಕಡ್ಡಾಯವಾಗಿ ತೆಗೆದುಕೊಂಡರೆ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಪೇಟೆ ಸರಹದ್ದಿನ ಜಮೀನಾದರೆ ಹಿಂದಿನ ಎರಡು ವರ್ಷ ಬೆಳೆ ಇಟ್ಟಿದ್ದನ್ನು ತೋರಿಸಬೇಕು. ಪಹಣಿ ಜೋಪಾನ!

ಬಡ್ಡಿಯ ಕಥೆ ಬೇರೆ. 2009ರಲ್ಲಿ ತಿದ್ದಿದ ಕಾನೂನಿನಂತೆ ಅದು ಕೈಗೆ ಬಂದ ವರ್ಷದ ಆದಾಯ. ಹತ್ತು ವರ್ಷದ ಬಡ್ಡಿ ಒಟ್ಟಿಗೆ ಬಂದರೂ ಅಷ್ಟೆ. ಅರ್ಧಕ್ಕೆ ಮಾತ್ರ ವಿನಾಯಿತಿ. 10 ಲಕ್ಷ ಬಡ್ಡಿ ಬಂತು ಅನ್ನಿ. 5 ಲಕ್ಷ ಲೆಕ್ಕಕ್ಕೆ. ಆದರೆ ಕೊಡುವಾಗಲೇ ಪೂರಾ 10 ಲಕ್ಷದ ಮೇಲೆ ನೂರಕ್ಕೆ 10ರಂತೆ 1 ಲಕ್ಷ ಮುರಿದುಕೊಂಡಿರುತ್ತಾರೆ. ಪ್ಯಾನ್ ಕೊಡದಿದ್ದರೆ ನೂರಕ್ಕೆ 20. ಬೇರೆ ಆದಾಯ ಇಲ್ಲದವನಿಗೆ ಆ ದುಡ್ಡು ವಾಪಸು ಬರುತ್ತದೆ, ರಿಟರ್ನ್ ಹಾಕಿದರೆ ಮಾತ್ರ.

ತಡ ಮಾಡಿದವರು ಅವರು, ತೆರಿಗೆ ತೆರುವವರು ನಾವು. ಇದು ಯಾವ ನ್ಯಾಯ ಸ್ವಾಮಿ? ಸಂಘಟನೆ ಇದನ್ನು ಕೇಳಲೇಬೇಕು. ಅಲ್ಲೀವರೆಗೆ, ಪರಿಹಾರ ಎಷ್ಟು, ಬಡ್ಡಿ ಎಷ್ಟು ಅಂತ ಬರೆಸಿಕೊಳ್ಳದೆ ಯಾರೂ ಮನೆಗೆ ಬರಬೇಡಿ.