ಏಳು ಚೂರಿನ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಇಲ್ಲಿ ಎಲ್ಲರೂ ಓದಿನ ಬಗ್ಗೆ ಹೇಳಿದರು. ನಾನು ಆಟದ ಬಗ್ಗೆ ಹೇಳುತ್ತೇನೆ. ಕಬಡ್ಡಿಯಲ್ಲ, ವಾಲಿಬಾಲ್ ಅಲ್ಲ, ವಿಡಿಯೋ ಗೇಮ್. ಪಾಲಕರು ಹೆದರಬೇಡಿ.

1997ರ ಬೇಸಿಗೆ ರಜೆ. ಹುಬ್ಬಳ್ಳಿಯಿಂದ ಬಂದ ಸೋದರಮಾವನ ಮಗ ಟಿ.ವಿ.ಗೆ ಜೋಡಿಸುವ ವಿಡಿಯೋ ಗೇಮ್ ಒಂದನ್ನು ತಂದವನು, ಹೋಗುವಾಗ ವಜ್ರಳ್ಳಿಯಲ್ಲೇ ಬಿಟ್ಟುಹೋದ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು ಅದು. ಕ್ಯಾಸೆಟ್ಟಿನ ಮೇಲೆ ನೂರಾರು ಆಟ ಎಂದು ಬರೆದಿತ್ತು; ಒಳಗಿದ್ದವು ಹತ್ತೋ ಹನ್ನೆರಡೋ, ಅವೇ ಮತ್ತೆ ಮತ್ತೆ. ಅದರಲ್ಲೊಂದು ಟೆಟ್ರಿಸ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾಲ್ಕು ನಾಲ್ಕು ಚೌಕ ಸೇರಿ ಆದ ಚೂರುಗಳು ಮೇಲಿನಿಂದ ಒಂದೊಂದಾಗಿ ಬೀಳುತ್ತವೆ. ಇಂಥವು ಏಳು ಬಗೆ. ತಿರುಗಿಸಿ, ಸರಿಸಿ, ಸಂದಿ ಬಿಡದೆ ಕೂರಿಸಬೇಕು. ಅಡ್ಡಸಾಲು ಪೂರ್ತಿ ತುಂಬಿದರೆ ಮಾಯವಾಗುತ್ತದೆ. ಸಂದಿ ಉಳಿದರೆ ರಾಶಿ ಏರಿ, ಮೇಲೆ ಮುಟ್ಟಿದರೆ ಆಟ ಮುಗಿಯಿತು. ಅಟ್ಟದಲ್ಲಿ ಅಡಿಕೆ ಚೀಲ ಒಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾಸ್ಕೋದ ಅಲೆಕ್ಸಿ ಪಾಜಿತ್ನೊವ್ 1984ರಲ್ಲಿ ಇದನ್ನು ರಚಿಸಿದರು. ಅವರಿಗೆ ಹೊಳಹು ಕೊಟ್ಟದ್ದು ಪೆಂಟೊಮಿನೊ ಎಂಬ, ಐದೈದು ಚೌಕದ ತುಂಡುಗಳನ್ನು ಜೋಡಿಸುವ ಆಟ.

ನನ್ನ ಗೆಳೆಯನೊಬ್ಬ ದಿನಾ ಆಡಲು ಬರುತ್ತಿದ್ದ. ಅವನ ಮನೆಯಲ್ಲಿ ಟಿ.ವಿ. ಇರಲಿಲ್ಲ. ಆದರೂ ಆಟದಲ್ಲಿ ನನಗಿಂತ ಬಹಳ ಮುಂದೆ. ಚೂರು ಅರ್ಧ ಇಳಿಯುವಷ್ಟರಲ್ಲಿ ಅದು ಎಲ್ಲಿ ಕೂರಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದ. ಮಳೆಗಾಲದಲ್ಲಿ ಕರೆಂಟು ಹೋದರೆ ಮಾತ್ರ ನಮ್ಮ ಆಟ ನಿಲ್ಲುತ್ತಿತ್ತು. ಪರಿಣಾಮ, ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಬ್ಬರೂ ಗಣಿತದಲ್ಲಿ ನಪಾಸು.

ಗಣಿತದ ಮಾಸ್ತರು ನನ್ನನ್ನು ಕರೆದರು. ಬೆತ್ತ ಎಂದುಕೊಂಡೆ. "ರಾತ್ರಿ ಏನು ಮಾಡ್ತೀಯೋ?" ಎಂದರು. ನಿಜ ಹೇಳಿದೆ. ಆ ಚೂರುಗಳನ್ನು ಬರೆದು ತೋರಿಸು ಎಂದರು. ಮರುದಿನ ರಟ್ಟಿನಲ್ಲಿ ಏಳನ್ನೂ ಕತ್ತರಿಸಿ ತಂದಿದ್ದರು. ಜೊತೆಗೆ ನಾಲ್ಕು ಸಾಲು, ಸಾಲಿಗೆ ಏಳು ಮನೆಯಂತೆ ಗೆರೆ ಎಳೆದ ಕಾಗದ. "ತಮಾ, ಇದರಲ್ಲಿ 28 ಮನೆ. ನಿನ್ನ ಚೂರುಗಳಿಗೂ 28 ಚೌಕ. ತುಂಬಿಸಿಕೊಂಡು ಬಾ."

ಹದಿನೈದು ದಿನ ಕೂತೆ. ಆರು ಕೂರುತ್ತಿದ್ದವು, ಏಳನೆಯದು ಕೂರುತ್ತಿರಲಿಲ್ಲ. ಸೋತು ಹೋದಾಗ ಮಾಸ್ತರು ಪೆನ್ಸಿಲ್ ತೆಗೆದು ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದು ಮನೆಗೆ ಕಪ್ಪು ಬಳಿದರು. 14 ಕಪ್ಪು, 14 ಬಿಳಿ. "ಈಗ ಒಂದೊಂದು ಚೂರನ್ನೂ ಇಟ್ಟು ಎಣಿಸು." ಆರು ಚೂರುಗಳು ಎಲ್ಲಿ ಇಟ್ಟರೂ ಎರಡು ಕಪ್ಪು, ಎರಡು ಬಿಳಿ. ಒಂದು ಮಾತ್ರ ಬೇರೆ. ಮೂರು ಚೌಕದ ಸಾಲಿನ ನಡುವೆ ಒಂದು ಚೌಕ ಎದ್ದಿರುತ್ತದಲ್ಲ, ನಾವು ಅದಕ್ಕೆ ‘ಮೂಗಿಂದು’ ಎನ್ನುತ್ತಿದ್ದೆವು. ಅದು ಒಂದು ಬಣ್ಣದ ಮೂರು, ಇನ್ನೊಂದು ಬಣ್ಣದ ಒಂದು ಮನೆಯನ್ನು ಮುಚ್ಚುತ್ತದೆ. ಒಟ್ಟು 15 ಮತ್ತು 13. ಬೇಕಾದದ್ದು 14 ಮತ್ತು 14. ನೂರು ವರ್ಷ ಕೂತರೂ ತುಂಬದು.

ಅಲ್ಲಿಯವರೆಗೆ ಸಾಧನೆ ಎಂದರೆ ಪ್ರಮೇಯವನ್ನು ಬಾಯಿಪಾಠ ಮಾಡುವುದು ಎಂದುಕೊಂಡಿದ್ದೆ. ಎಲ್ಲವನ್ನೂ ಮಾಡಿ ನೋಡದೆಯೇ ‘ಆಗದು’ ಎಂದು ಖಚಿತವಾಗಿ ಹೇಳಬಹುದು ಎಂಬುದು ಅಂದು ತಿಳಿಯಿತು. ಗಣಿತದ ಭಯ ಹೋಯಿತು. 1998ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ.

ಗೆಳೆಯ ಪಾಸಾಗಲಿಲ್ಲ. ಮಾಸ್ತರು ಕರೆದ ದಿನಗಳಲ್ಲಿ ಅವನು ಅಪ್ಪನ ಜೊತೆ ಕೊನೆ ಕೊಯ್ಲಿಗೆ ಹೋಗಿದ್ದ. ರಟ್ಟಿನ ಚೂರುಗಳು ನನ್ನ ಪಾಟೀಚೀಲದಲ್ಲೇ ಇದ್ದವು. ದಿನಾ ಅವನ ಮನೆಯ ಮುಂದೆಯೇ ನಡೆದು ಹೋಗುತ್ತಿದ್ದೆ. ತೋರಿಸಲಿಲ್ಲ. ಮರೆತದ್ದಲ್ಲ. ಆಟದಲ್ಲಿ ಸದಾ ನನ್ನನ್ನು ಸೋಲಿಸುತ್ತಿದ್ದವನಿಗಿಂತ ಒಂದು ವಿಷಯದಲ್ಲಿ ನಾನು ಮುಂದಿದ್ದೆ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅವನು ಮತ್ತೆ ಪರೀಕ್ಷೆ ಕಟ್ಟಲಿಲ್ಲ.

2023ರ ಡಿಸೆಂಬರಿನಲ್ಲಿ ಅಮೆರಿಕದ ಓಕ್ಲಹೋಮಾದ 13 ವರ್ಷದ ಹುಡುಗ ವಿಲ್ಲಿಸ್ ಗಿಬ್ಸನ್, ನಿಂಟೆಂಡೊದ ಹಳೆಯ ಟೆಟ್ರಿಸ್‌ನಲ್ಲಿ 157ನೆಯ ಹಂತ ಮುಟ್ಟಿದಾಗ ಆಟವೇ ಸ್ತಬ್ಧವಾಯಿತು. ಅದಕ್ಕೂ ಮೊದಲು ಯಾವ ಮನುಷ್ಯನೂ ಆ ಆಟವನ್ನು ಅಲ್ಲಿಗೆ ತಂದಿರಲಿಲ್ಲ. ಸುದ್ದಿ ಓದಿದಾಗ ನನಗೆ ನೆನಪಾದದ್ದು ನನ್ನ ಗೆಳೆಯನ ಬೆರಳು.

ಈ ಸಮಾರಂಭಕ್ಕೆ ಕರೆಯಲು ಅವನ ಮನೆಗೆ ಹೋದಾಗ ಹೊಸ ರಟ್ಟಿನಲ್ಲಿ ಏಳು ಚೂರು ಕತ್ತರಿಸಿ ಒಯ್ದೆ. ನಡೆದದ್ದನ್ನೆಲ್ಲ ಹೇಳಿ, ಕಪ್ಪು ಬಿಳಿಯ ಲೆಕ್ಕ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, "ಅಲ್ಲ ಮಾರಾಯ, ಮೂಗಿಂದು ಇನ್ನೊಂದು ಇದ್ದಿದ್ರೆ?" ಎಂದ.

ಇಷ್ಟು ವರ್ಷದಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಎರಡು ಮೂಗಿನ ಚೂರಿದ್ದರೆ ಒಂದರ ಹೆಚ್ಚು ಇನ್ನೊಂದರ ಕಡಿಮೆಗೆ ಸರಿಹೋಗುತ್ತದೆ. ಆಗ ಎಂಟು ಚೂರು, 32 ಚೌಕ. ನಾಲ್ಕು ಸಾಲು, ಸಾಲಿಗೆ ಎಂಟು ಮನೆ. ಬಣ್ಣದ ಲೆಕ್ಕ ಇನ್ನು ಅಡ್ಡ ಬರುವುದಿಲ್ಲ. ಕೂರುತ್ತದೋ ಇಲ್ಲವೋ, ವಿದ್ಯಾರ್ಥಿಗಳೇ, ನೀವೇ ರಟ್ಟು ಕತ್ತರಿಸಿ ನೋಡಿ. ಒಬ್ಬರೇ ಕೂರಬೇಡಿ. ತರಗತಿಗೆ ಬಾರದೆ ಉಳಿದ ಗೆಳೆಯನ ಮನೆಗೆ ಒಯ್ದು ನೋಡಿ.

ಪ್ರಶ್ನೆ ಕೇಳಿದವನು ಇಂದು ಹಿಂದಿನ ಸಾಲಿನಲ್ಲಿ ಕೂತಿದ್ದಾನೆ.